ಸಭೆಗೆ ಯೋಗ್ಯವಲ್ಲದ ಊರು

ಹಿಂದೆಲ್ಲ ಜನ ಸೇರಬೇಕಾದರೆ ಊರ ಕಟ್ಟೆಯೋ ಗುಡಿಯ ಅಂಗಳವೋ ಸಾಕಿತ್ತು. ನಮ್ಮ ಕಾಲದಲ್ಲಿ ಐವತ್ತಕ್ಕಿಂತ ಹೆಚ್ಚು ಜನ ಸೇರುವ ಸಭೆ ಎಲ್ಲಿ ನಡೆಯಬೇಕೆಂದು ಹವೆ ಹೇಳಬೇಕು. ಹವೆಗೆ ಬಾಯಿಲ್ಲವಾದ್ದರಿಂದ ಅದರ ಪರವಾಗಿ ಒಂದು ಯಂತ್ರ ಹೇಳುತ್ತದೆ. ಯಂತ್ರಕ್ಕೆ ಕೈಯಿಲ್ಲವಾದ್ದರಿಂದ ಅದರ ಪರವಾಗಿ ನಾನು ಸಹಿ ಮಾಡುತ್ತಿದ್ದೆ. ನನ್ನ ಹೆಸರು ಮಂದಾಕಿನಿ. ಹುಟ್ಟಿದ್ದು ಹಾಸನ, ಮದುವೆಯಾಗಿ ಬಂದದ್ದು ಕಲಬುರಗಿ, ಹುದ್ದೆ ಸಭಾಸ್ಥಳ ಹವಾಮಾನ ಅಧಿಕಾರಿ.

ಈ ಕಾನೂನನ್ನು ಕೇಳಿ ನಗುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. 2049ರ ಮೇ ತಿಂಗಳಲ್ಲಿ ಎ.ಸಿ. ಹಾಕಿದ ಸಭಾಂಗಣವೊಂದರಲ್ಲಿ ಕರೆಂಟು ಹೋಗಿ, ಎರಡು ಗಂಟೆಯೊಳಗೆ ಮೂವತ್ತೊಂಬತ್ತು ಜನ ಕುರ್ಚಿಯಲ್ಲಿ ಕೂತಲ್ಲೇ ಸತ್ತಿದ್ದರು. ಹೊರಗೆ ನಲವತ್ತಾರು ಡಿಗ್ರಿ ಇತ್ತು. ಆಮೇಲೆ ಬಂದ ನಿಯಮ ಇಷ್ಟೇ: ಕರೆಂಟು ಇಲ್ಲದಿದ್ದರೂ ಮನುಷ್ಯ ಬದುಕಿ ಉಳಿಯುವಂಥ ಜಾಗದಲ್ಲಿ ಮಾತ್ರ ಸಭೆ ನಡೆಯಬೇಕು. ಅದನ್ನು ಅಳೆಯಲು ಪ್ರತಿ ಊರಿನಲ್ಲಿ ಮೂರು ಥರ್ಮಾಮೀಟರ್ ನಿಲ್ಲಿಸಿದೆವು. ಒಂದು ಬರಿಯದು. ಒಂದಕ್ಕೆ ಒದ್ದೆ ಬಟ್ಟೆ ಸುತ್ತಿದೆ, ಅದು ಬೆವರು ಎಷ್ಟು ಬೇಗ ಆರುತ್ತದೆಂದು ಹೇಳುತ್ತದೆ. ಇನ್ನೊಂದು ಕಪ್ಪು ಬಳಿದ ಗೋಲದೊಳಗೆ ಕೂತು ಬಿಸಿಲಿನ ಪೆಟ್ಟು ಹೇಳುತ್ತದೆ. ಮೂರನ್ನೂ ಬೆರೆಸಿ ಯಂತ್ರ ಒಂದು ಅಂಕ ಕೊಡುತ್ತದೆ. ಮೂವತ್ತರ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. ಕೆಂಪಾದರೆ ಯಂತ್ರ ಊರಾಚೆ ಎಲ್ಲಕ್ಕಿಂತ ಹತ್ತಿರದ ಹಸಿರು ಜಾಗ ಹುಡುಕುತ್ತದೆ.

ಮುಹೂರ್ತ ಕೇಳಿದ ಹಾಗೆ ಎಲ್ಲರೂ ಅದನ್ನೇ ಕೇಳುತ್ತಿದ್ದುದರಿಂದ ಆಫೀಸಿನಲ್ಲಿ ಅದಕ್ಕೆ 'ಪಂಚಾಂಗ' ಎಂದು ಹೆಸರು ಬಿದ್ದಿತ್ತು. ನಾನು ಆ ಪಂಚಾಂಗದ ಪುರೋಹಿತೆ. ಪುರೋಹಿತರಿಗಿರುವ ಜಂಬ ನನಗೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಯಂತ್ರ ಬಂದ ಆರನೆಯ ವರ್ಷ ಏಪ್ರಿಲ್ ಕೊನೆಯಲ್ಲಿ ನನ್ನ ಅತ್ತೆ ಗುರುಬಾಯಿ ಕೈಯಲ್ಲಿ ನೋಟಿಸು ಹಿಡಿದು ನಮ್ಮ ಮನೆಗೆ ಬಂದರು. ಅವರ ಊರು ಹಾಸಗಲ್, ಕಲಬುರಗಿಯಿಂದ ಐವತ್ತು ಕಿಲೋಮೀಟರ್. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ, ಎಪ್ಪತ್ತೊಂದು ವರ್ಷ, ಯಾರ ಹಂಗಿಗೂ ಬಿದ್ದವರಲ್ಲ. ಹಾಸಗಲ್ ಕೆಳಗೆ ಸುಣ್ಣದ ಕಲ್ಲಿದೆ. ಸಿಮೆಂಟ್ ಕಂಪನಿಯೊಂದಕ್ಕೆ ಇಡೀ ಊರು ಬೇಕಾಗಿತ್ತು. ಊರು ಎತ್ತುವ ಮೊದಲು ಜನರ ಅಹವಾಲು ಕೇಳುವ ಸಭೆ ನಡೆಯಲೇಬೇಕು, ಒಬ್ಬೊಬ್ಬರಿಗೆ ಒಂದೇ ಸಲ, ಮೂರು ನಿಮಿಷ, ಅವರವರ ಅಹವಾಲು ಅವರವರೇ ಹೇಳಬೇಕು. ಸಭೆಯಲ್ಲಿ ಎದ್ದು ನಿಂತು ಹೇಳಿದ ಮಾತು ಮಾತ್ರ ದಾಖಲೆ. ಫೋನಿನಲ್ಲಿ, ಪರದೆಯಲ್ಲಿ ಹೇಳಿದರೆ ನಡೆಯುವುದಿಲ್ಲ. ಯಾರ ಮುಖವನ್ನು ಯಾರು ಬೇಕಾದರೂ ತೊಟ್ಟುಕೊಳ್ಳುವ ಕಾಲ ಬಂದ ಮೇಲೆ ಕೋರ್ಟುಗಳು ಪರದೆಯನ್ನು ನಂಬುವುದನ್ನೇ ಬಿಟ್ಟಿದ್ದವು.

ಅತ್ತೆ ನೋಟಿಸನ್ನು ನನ್ನ ಮುಂದೆ ಚಾಚಿದರು. ಅದರ ಕೆಳಗೆ ನನ್ನದೇ ಸಹಿ ಇತ್ತು.

"ಓದು. ನಂಗ ಕಣ್ಣು ಕಾಣಸ್ತಾವ, ಆದ್ರ ನೀನೇ ಓದು."

ಓದಿದೆ. ಹಾಸಗಲ್ ಸಭೆಗೆ ಯೋಗ್ಯವಲ್ಲ, ತಾಲೂಕು ಯೋಗ್ಯವಲ್ಲ, ಜಿಲ್ಲೆ ಯೋಗ್ಯವಲ್ಲ. ಸಭೆ ಮೇ ಹದಿನಾಲ್ಕರಂದು ದಕ್ಷಿಣದ ಒಂದು ಗುಡ್ಡದ ಮೇಲಿನ ಸಮ್ಮೇಳನ ಭವನದಲ್ಲಿ, ಐನೂರು ಕಿಲೋಮೀಟರಿಗೂ ಆಚೆ. ಬಸ್ಸಿನ ವ್ಯವಸ್ಥೆ ಕಂಪನಿಯದು. ಅರವತ್ತೈದು ದಾಟಿದವರಿಗೆ ಬಿಸಿಲು ತಿಂಗಳಲ್ಲಿ ಅಷ್ಟು ದೂರದ ಪ್ರಯಾಣ ನಿಷಿದ್ಧ.

"ಸಭಾ ನಡಿಯೋ ಜಾಗ ತಂಪದ, ಅಲ್ಲಿಗಿ ಹೋಗೋ ದಾರಿ ಸುಡ್ತದ, ಅದಕ್ಕ ನಾ ಹೋಗಂಗಿಲ್ಲ. ಹೌದಿಲ್ಲೋ?"

"ನಿಮ್ಮ ಜೀವ ಉಳಿಸೋಕೇ ಇರೋದು ಅತ್ತೆ ಈ ನಿಯಮ."

"ನನ್ನ ಜೀವ ಉಳಿಸಿ ಊರು ತಿಂತೀರಿ." ಅವರು ನೋಟಿಸನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಿನ್ನ ಮಾವ ಅಲ್ಲಿ ರುದ್ರಭೂಮ್ಯಾಗ ಸಮಾಧ್ಯಾಗ ಕುಂತಾನ. ನಮ್ಮ ಎರಡು ಕೂಸೂ ಅಲ್ಲೇ ಅವ. ಕಂಪನಿ ಕಾಗದದಾಗ ಮನಿ ಅದ, ದನದ ಕೊಟ್ಟಿಗಿ ಅದ, ರುದ್ರಭೂಮಿ ಇಲ್ಲ. ಅದೊಂದು ಬರಸಬೇಕು ನಾ. ಮತ್ತೇನೂ ಬ್ಯಾಡ ನಂಗ."

ನನ್ನ ಗಂಡ ಸಿದ್ರಾಮ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿದ. ಅವ್ವನ ಕಡೆ ಮಾತಾಡಿದರೆ ನಾನು, ನನ್ನ ಕಡೆ ಮಾತಾಡಿದರೆ ಅವ್ವ. ಚಪ್ಪಲಿ ಮೆಟ್ಟಿ ಹಾಲು ತರಲು ಹೋದ.

ಮರುದಿನದಿಂದ ಅತ್ತೆ ನಮ್ಮ ಮನೆಯಲ್ಲೇ ಬಿಡಾರ ಹೂಡಿದರು. ಮಾತಿಲ್ಲ, ಬರೀ ನೋಟ. ನಾನು ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಮಗ ಬಡಿಸಿದರೆ ಉಣ್ಣುತ್ತಿದ್ದರು. ನನಗೂ ಹಟ ಏರಿತು. ವಿಜ್ಞಾನ ಓದದವರಿಗೆ ಅಂಕದ ಅರ್ಥ ಹೇಗೆ ತಿಳಿಯಬೇಕು ಎಂದುಕೊಂಡು ತಲೆ ಎತ್ತಿಕೊಂಡೇ ಓಡಾಡಿದೆ.

ಐದನೆಯ ದಿನ ಬೆಳಿಗ್ಗೆ ಏಳೂಕಾಲಕ್ಕೆ ನಾನು ಅಡುಗೆಮನೆಯಲ್ಲಿ ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಳ್ಳುತ್ತಿದ್ದೆ. ಅತ್ತೆ ಹಿತ್ತಲ ಬಾಗಿಲಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ಗಾಳಿ ಹಿತವಾಗಿತ್ತು.

"ಎಲ್ಲಿಗಿ ಓಡ್ತಿ ಇಷ್ಟು ಲಗೂ?"

ಐದು ದಿನಕ್ಕೆ ಮೊದಲ ಮಾತು. "ಆಫೀಸಿಗೆ. ಬೇಸಿಗೇಲಿ ಎಂಟು ಗಂಟೆಗೇ ಅಲ್ವಾ? ಒಂದೂವರೆಗೆ ಮುಗಿಯುತ್ತೆ."

"ಹಂಗಾದ್ರ ಸರಕಾರಕ್ಕ ಗೊತ್ತದ, ನಮ್ಮ ಕಡಿ ಬ್ಯಾಸಗ್ಯಾಗ ಮುಂಜಾನಿ ಕೆಲಸ ಮಾಡಬೇಕಂತ. ಈಗ ಇಲ್ಲಿ ನೂರು ಮಂದಿ ಕುಂತ್ರ ಯಾರು ಸಾಯ್ತಾರ, ಹೇಳು? ಹಾಸಗಲ್ಲಾಗ ಏಳಕ್ಕ ಸಭಾ ಇಡ್ರಿ ಅಂತ ಪಂಚಾಯತಿ ಬರದು ಕೊಟ್ಟದ. ನೀ ಓದಿಲ್ಲ."

ಓದಿದ್ದೆ. ಓದಿ 'ಇತರೆ' ಎಂಬ ಕಡತಕ್ಕೆ ತಳ್ಳಿದ್ದೆ. ಅರ್ಜಿಯ ನಮೂನೆಯಲ್ಲಿ ಸಮಯಕ್ಕೆ ಜಾಗವೇ ಇರಲಿಲ್ಲ. ಬುತ್ತಿ ಹಿಡಿದು ಸ್ಕೂಟರ್ ಹತ್ತಿದ ಮೇಲೆ, ಸೂಪರ್ ಮಾರ್ಕೆಟ್ ದಾಟುವ ಹೊತ್ತಿಗೆ, ಆ ಅರ್ಜಿಯನ್ನೇ ಮನಸ್ಸಿನಲ್ಲಿ ಮತ್ತೆ ಓದುತ್ತಿದ್ದೆ.

*

ನಿಯಂತ್ರಣ ಕೊಠಡಿಯಲ್ಲಿ ಜುಲೇಖಾ ಆಗಲೇ ಕೂತಿದ್ದಳು. ಅವಳು ನಮ್ಮ ಉಪಕರಣಗಳ ತಂತ್ರಜ್ಞೆ, ಇದೇ ಊರಿನವಳು, ಬಾಯಿ ಸ್ವಲ್ಪ ಖಾರ. ಹಾಸಗಲ್ಲಿನ ಲೆಕ್ಕವನ್ನು ಬಿಚ್ಚು ಎಂದೆ.

"ಪಂಚಾಂಗ ದಿನದ ಯಾವ ಹೊತ್ತಿನ ಅಂಕ ತಗೊಳ್ಳುತ್ತೆ?"

"ಆಫೀಸ್ ವ್ಯಾಳ್ಯಾದಾಗ ಎಲ್ಲಕ್ಕಿಂತ ಕೆಟ್ಟ ಹೊತ್ತಿಂದು."

"ಆಫೀಸ್ ವೇಳೆ ಅಂತ ಏನಿದೆ ಅದರಲ್ಲಿ?"

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹತ್ತೂವರೆಯಿಂದ ಐದೂವರೆ. ಆಯಾ ಊರಿನಲ್ಲಿ ಸಭೆ ನಡೆಸಬಹುದಾದ ಹೊತ್ತನ್ನು ತುಂಬಬೇಕಾದ ಸಾಲು ಅದು. ಆರು ವರ್ಷದ ಹಿಂದೆ ಯಂತ್ರ ಹೊಸದಾಗಿ ಬಂದಾಗ ಬೆಂಗಳೂರಿನ ನಮೂನೆ ನೋಡಿ ಆ ಸಾಲನ್ನು ತುಂಬಿದವಳು ನಾನು. ಮೇ ತಿಂಗಳಲ್ಲೇ ತುಂಬಿದ್ದು. ಎಂಟು ಗಂಟೆಗೆ ಆಫೀಸಿಗೆ ಬಂದು, ಈ ಕುರ್ಚಿಯಲ್ಲಿ ಕೂತು, ಆಫೀಸು ಹತ್ತೂವರೆಗೆ ತೆರೆಯುತ್ತದೆ ಎಂದು ಬರೆದಿದ್ದೆ. ನನ್ನ ಹಿಂದೆ ನಿಂತು ನೋಡಿದ ಆಫೀಸಿನ ಏಳು ಜನರೂ ಎಂಟಕ್ಕೇ ಬಂದವರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ನಾವೆಲ್ಲ.

"ಸಮಯ ಬದಲಿಸಿ ಓಡಿಸು. ಬೆಳಿಗ್ಗೆ ಏಳರಿಂದ ಒಂಬತ್ತೂವರೆ."

ಅಂಕಗಳು ಒಂದೊಂದಾಗಿ ಮೂಡಿದವು. ಹಾಸಗಲ್, ಮೇ ಹದಿನಾಲ್ಕು, ಏಳು ಗಂಟೆ: ಇಪ್ಪತ್ತಾರು. ಒಂಬತ್ತು ಗಂಟೆ: ಇಪ್ಪತ್ತೆಂಟೂ ಮುಕ್ಕಾಲು. ಹತ್ತೂವರೆಗೆ ಮೂವತ್ತೊಂದು. ಮೂರಕ್ಕೆ ಮೂವತ್ನಾಲ್ಕು. ನಮ್ಮದು ಒಣ ಹವೆ. ಬಿಸಿಲು ಏರುವ ತನಕ ಬೆವರು ಸಲೀಸಾಗಿ ಆರುತ್ತದೆ. ಎರಡೂವರೆ ಗಂಟೆಯ ಸಭೆಗೆ ಊರು ಹಸಿರೋ ಹಸಿರು.

"ನಾ ಮೊದಲನೇ ವರ್ಷಾನೇ ಹೇಳಿದ್ದೆ, ಮೇಡಂ," ಎಂದಳು ಜುಲೇಖಾ. "ಮುಂಜಾನಿ ಲೆಕ್ಕ ಬ್ಯಾರೆ ಬರ್ತದ ಅಂತ. ನೀವು ಫಾರ್ಮ್ಯಾಟಿನಾಗ ಇಲ್ಲ ಅಂದ್ರಿ. ಹಂಗೇ ಅಂದ್ರಿ, ಮುಖಾನೂ ನೋಡಲಿಲ್ಲ."

ನನಗೆ ನೆನಪಿರಲಿಲ್ಲ. ಅದೇ ಹೆಚ್ಚು ನಾಚಿಕೆಯ ವಿಷಯ. ಆರು ಬೇಸಿಗೆಯಲ್ಲಿ ಈ ಸಾಲಿನಿಂದ ಊರು ಬಿಟ್ಟು ಹೋದ ಸಭೆಗಳನ್ನು ಎಣಿಸು ಎಂದೆ. ನಾನೂರ ಹನ್ನೆರಡು. ಅರ್ಜಿಗಳ ತಿಂಗಳನ್ನೂ ನೋಡಿದೆ. ಕಂಪನಿಗಳ ಅರ್ಜಿಯೆಲ್ಲ ಮಾರ್ಚ್ ಕೊನೆಯಲ್ಲೇ ಬಂದಿದ್ದವು. ನಲವತ್ತೈದು ದಿನದೊಳಗೆ ಸಭೆ ನಡೆಯಬೇಕೆಂಬ ನಿಯಮವಿತ್ತಲ್ಲ, ಸಭೆ ಸರಿಯಾಗಿ ಉರಿಬಿಸಿಲಿಗೇ ಬೀಳುತ್ತಿತ್ತು. ಅವರಿಗೆ ನಮ್ಮ ತಪ್ಪು ಗೊತ್ತಿತ್ತು. ನಮಗೆ ಮಾತ್ರ ಗೊತ್ತಿರಲಿಲ್ಲ.

ನಿರ್ದೇಶಕ ವಾಮನ ಪ್ರಭುಗಳು ಈ ಲೆಕ್ಕ ಬರೆದ ನನ್ನ ಕಾಗದವನ್ನು ಎರಡು ಸಲ ಓದಿದರು. ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ.

"ಜೂನ್ ಬರಲಿ, ಮಂದಾಕಿನಿ. ಮಳೆ ಬಿದ್ದ ಮೇಲೆ ಆ ಸಾಲನ್ನು ಸದ್ದಿಲ್ಲದೆ ತಿದ್ದೋಣ."

"ಸಭೆ ಹದಿನಾಲ್ಕಕ್ಕೆ ಸರ್."

"ಈಗ ತಿದ್ದಿದರೆ ಇದೊಂದೇ ಅಲ್ಲ, ನಾನೂರ ಹನ್ನೆರಡೂ ಕೋರ್ಟಿಗೆ ಹೋಗ್ತವೆ. ಅರ್ಧ ಊರುಗಳು ಈಗ ಗಣಿಯ ಗುಂಡಿ. ಗುಂಡಿಗೆ ಅಹವಾಲು ಕೇಳ್ತೀರಾ? ಸಾಲು ತುಂಬಿದವರು ಯಾರು ಅಂತ ಮೊದಲು ಕೇಳ್ತಾರೆ. ನಿಮ್ಮ ಹೆಸರು ಹೇಳಲಿಕ್ಕೆ ನನಗೆ ಕಷ್ಟವೇನಿಲ್ಲ."

ಸಿಟ್ಟಿನಿಂದ ಮೈ ಉರಿಯಿತು. ಆದರೂ ಎದ್ದು ಹೊರಗೆ ಬಂದೆ. ಅವರು ಹೇಳಿದ ಜೂನ್ ತಿಂಗಳು ನನಗೂ ಆಗ ಸಿಹಿಯಾಗಿಯೇ ಕೇಳಿಸಿತ್ತು.

*

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಕಿಟಕಿಗೆಲ್ಲ ಒದ್ದೆ ಚಾದರ ಕಟ್ಟಿ ಅತ್ತೆ, ಸಿದ್ರಾಮ ಇಬ್ಬರೂ ನೆಲದ ಮೇಲೆ ಕೂತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಹಾಸಗಲ್ ಬೆಳಿಗ್ಗೆ ಏಳಕ್ಕೆ ಹಸಿರು, ತಪ್ಪು ನನ್ನದು, ಆರು ವರ್ಷದಿಂದ ನನ್ನದು.

ಹೇಳಿ ಮುಗಿಸಿದಾಗ ಮನಸ್ಸು ಹಗುರವಾಯಿತು. ಒಪ್ಪಿಕೊಂಡವಳನ್ನು ಹಿರಿಯರು ಕ್ಷಮಿಸುತ್ತಾರೆ ಎಂಬ ಅಗ್ಗದ ಆಸೆ ನನ್ನಲ್ಲಿತ್ತು.

"ದೇವ್ರು ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರ, ಹಂಗಾತು," ಎಂದರು ಅತ್ತೆ. "ನಾಲ್ಕು ವರ್ಷದ ಹಿಂದ ನನ್ನ ತಂಗಿ ಶಿವಕಾಂತಿ ಊರು ಎತ್ತಿದ್ರಲ್ಲ. ಅವಳೂ ಸಭಾಕ್ಕ ಹೋಗಿಲ್ಲ. ವಯಸ್ಸಾಗ್ಯದ, ದಾರಿ ಬಿಸಿಲದ ಅಂತ ಬಿಡಲಿಲ್ಲ. ಅದೂ ನಿನ್ನ ಇದೇ ಸಾಲೇನು?"

ಆ ಕಡತವನ್ನು ಅಂದು ಬೆಳಿಗ್ಗೆಯೇ ನೋಡಿದ್ದೆ. "ಹೌದು ಅತ್ತೆ."

ಶಿವಕಾಂತಿಯಮ್ಮ ಪುನರ್ವಸತಿ ಕಾಲೊನಿಯ ತಗಡಿನ ಮನೆಯಲ್ಲಿ ಮೊದಲ ಬೇಸಿಗೆ ದಾಟಲಿಲ್ಲ. ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ನಾನೂ ಅತ್ತಿದ್ದೆ.

ಅತ್ತೆ ಎದ್ದು ಒಳಗೆ ಹೋದರು. ಬಟ್ಟೆ ಗಂಟು ಕಟ್ಟಿಕೊಂಡು ಬಂದು, "ಸಿದ್ರಾಮ, ಬಿಸಿಲಿಳಿದ ಮ್ಯಾಲ ನಂಗ ಬಸ್ಸಿಗಿ ಕುಂಡ್ರಿಸು," ಎಂದರು. ಅವನು ನನ್ನತ್ತ ತಿರುಗಿದ. ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ನನಗೆ ದನಿ ಎತ್ತಿದ್ದು ಅವತ್ತೊಂದೇ ದಿನ.

"ಸಹಿ ಮಾಡೋದು ಯಾರ ಕೈಯಾಗದ? ನಿರ್ದೇಶಕಂದೋ, ನಿಂದೋ?"

"ನಂದು."

"ಮತ್ತ ಯಾರಿಗಿ ಕಾಯಲಕತ್ತಿ?"

ಅವನು ಹೇಳಿದ್ದು ಸರಿಯಾಗಿತ್ತು. ಸ್ಥಳಯೋಗ್ಯತಾ ಪತ್ರಕ್ಕೆ ಅಧಿಕಾರಿಯ ಸಹಿ ಬಿದ್ದರೆ ಮುಗಿಯಿತು. ಹತ್ತಿರದಲ್ಲಿ ಹಸಿರು ಜಾಗವಿದ್ದೂ ದೂರದಲ್ಲಿ ನಡೆಸಿದ ಸಭೆ ಅಸಿಂಧು ಎಂದು ಕಾನೂನಿನಲ್ಲೇ ಇದೆ. ನಿರ್ದೇಶಕರು ಅದನ್ನು ತಡೆಯಬೇಕಾದರೆ ಕಾರಣ ಬರೆದು ಆದೇಶ ಹೊರಡಿಸಬೇಕು, ಕಾರಣ ಬರೆಯುವ ಧೈರ್ಯ ಅವರಿಗಿಲ್ಲವೆಂದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಎಂಟಕ್ಕೆ ಹಾಸಗಲ್ಲಿಗೆ ಹಸಿರು ಪತ್ರ ಕೊಟ್ಟೆ. 'ಪರಿಷ್ಕರಣೆಗೆ ಕಾರಣ' ಎಂಬ ಅಂಕಣದಲ್ಲಿ ಆಫೀಸ್ ವೇಳೆಯ ನಮೂದು ತಪ್ಪಾಗಿತ್ತು ಎಂದು ಬರೆದೆ. ಯಾರು ತಪ್ಪಿದ್ದು ಎಂದು ಬರೆಯಲಿಲ್ಲ. ಅಂಕಣ ಚಿಕ್ಕದಿತ್ತು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಜುಲೇಖಾ ಮುದ್ರೆ ಒತ್ತಿ, "ಒಂದು ಆತು," ಎಂದಳು. ನಗಲಿಲ್ಲ.

*

ಮೇ ಹದಿನಾಲ್ಕು, ಹಾಸಗಲ್. ಸರಕಾರಿ ಶಾಲೆಯ ಪಡುವಣ ಗೋಡೆಯ ನೆರಳಿನಲ್ಲಿ ಆರೂವರೆಗೇ ಮುನ್ನೂರು ಜನ ಕೂತಿದ್ದರು. ಯಾರೂ ನನಗೆ ನಮಸ್ಕಾರ ಮಾಡಲಿಲ್ಲ. ಸೊಸೆಯಾಗಿ ಬಂದಾಗ ಉಡಿ ತುಂಬಿದ ಹೆಂಗಸರೇ ಸೆರಗು ಸರಿಮಾಡಿಕೊಂಡು ಮುಖ ತಿರುವಿದರು. ಕಂಪನಿಯ ಮೂವರು ಕುರ್ಚಿಯಲ್ಲಿ ಕೂತು ನನ್ನನ್ನು ಇನ್ನೊಂದು ಬಗೆಯಲ್ಲಿ ನೋಡುತ್ತಿದ್ದರು. ಎರಡು ಕಡೆಯಿಂದಲೂ ಬೇಡವಾದವಳಿಗೆ ಒಂದು ಮೇಜು, ಮೂರು ಥರ್ಮಾಮೀಟರ್, ಹದಿನೈದು ನಿಮಿಷಕ್ಕೊಮ್ಮೆ ಅಂಕ ಕೂಗುವ ಕೆಲಸ. ಮೂವತ್ತು ಮುಟ್ಟಿದ ಕ್ಷಣ ಸಭೆ ನಿಲ್ಲಿಸಬೇಕು.

ಏಳಕ್ಕೆ ವಿಚಾರಣಾಧಿಕಾರಿ ಸಭೆ ತೆರೆದರು. ಬೆಂಗಳೂರಿನಿಂದ ಬಂದ ತರುಣಿ, ಮಾತು ಮೆತ್ತಗೆ. ನಾನು ಎದ್ದು, "ಇಪ್ಪತ್ತಾರು," ಎಂದೆ. ಮೊದಲ ಹೆಸರು ಗುರುಬಾಯಿ.

ಅತ್ತೆ ಗಿರಣಿಯ ಹಿಟ್ಟು ಹತ್ತದ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದರು. ಮೈಕು ಹಿಡಿಯಲಿಲ್ಲ.

"ನನ್ನ ಹೆಸರು ಗುರುಬಾಯಿ. ಈ ಊರಾಗ ಐವತ್ಮೂರು ವರ್ಷ ಬಾಳೇ ಮಾಡೀನಿ. ಈ ಸಭಾ ಇವತ್ತು ಇಲ್ಲಿ ನಡೀತದ. ಹೋದ ತಿಂಗಳು ನಡಿಯಂಗಿಲ್ಲ ಅಂದಿದ್ರು. ಹವಾ ಬದಲಾಗಿಲ್ಲರಿ, ಕಾಗದ ಬದಲಾತು. ಕಾಗದದಾಗ ಹೊತ್ತು ತಪ್ಪು ಬರದಿದ್ರಂತ. ಆರು ವರ್ಷ ತಪ್ಪು ಇತ್ತಂತ. ನಾನೂರ ಹನ್ನೆರಡು ಊರಿನ ಮಂದಿಗಿ ಮಾತಾಡಲಾಕ ಬಿಟ್ಟಿಲ್ಲ. ಅದರಾಗ ನನ್ನ ತಂಗಿ ಊರೂ ಒಂದು. ಇದು ಬರ್ಕೋರಿ."

"ಅಮ್ಮಾ," ಎಂದರು ಅಧಿಕಾರಿ, "ಈ ಯೋಜನೆಯ ಬಗ್ಗೆ ಏನಾದರೂ..."

"ಇದೇ ಬಗ್ಗೆ. ತಪ್ಪು ಯಾರು ಬರದ್ರು ಅಂತ ಕಾಗದದಾಗಿಲ್ಲ. ನಾ ನೋಡಿಸೀನಿ, ಮಗನ ಕೈಲಿ ಓದ್ಸೀನಿ. ಬರೇ ತಪ್ಪು ಆಗಿತ್ತು ಅಂತದ. ತಪ್ಪು ತಾನಾಗೇ ಆಗ್ತದೇನು? ಬರದಾಕಿ ಇಲ್ಲೇ ಕುಂತಾಳ. ನನ್ನ ಮನಿ ಸೊಸಿ. ಮನಿ ಮಾತು ಅಂತ ನಾ ಮುಚ್ಚಿಡಂಗಿಲ್ಲ. ಮೊದಲು ಆಕಿ ಹೆಸರು ಬರ್ಕೋರಿ, ಆಮ್ಯಾಲ ಮುಂದಿನ ಮಾತು."

ಕಂಪನಿಯ ವಕೀಲ ಎದ್ದು, ಇದು ದಾಖಲಾಗಬಾರದು ಎಂದ. ಊರವರು ಕೂಗಿದರು. ಅಧಿಕಾರಿ ಕೈ ಎತ್ತಿ, ಒಬ್ಬ ಸರಕಾರಿ ನೌಕರರ ಹೆಸರನ್ನು ಹೀಗೆ ಇನ್ನೊಬ್ಬರು ಹೇಳಿದರೆ ಬರೆದುಕೊಳ್ಳಲು ಬರುವುದಿಲ್ಲ, ಅವರೇ ಹೇಳಿದರೆ ಬೇರೆ ಮಾತು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಗಡಿಯಾರ ಓಡುತ್ತಿತ್ತು. ಕೆಲಸ ಹೋಗುತ್ತದೆ ಎಂದು ನನಗೆ ಹೆದರಿಕೆಯಾಯಿತು, ಅತ್ತೆಯ ಮೇಲೆ ಹೊಟ್ಟೆ ಉರಿಯುವಷ್ಟು ಕೋಪವೂ ಬಂತು. ಅವರು ನನ್ನನ್ನು ನೋಡುತ್ತಿರಲಿಲ್ಲ. ಬರೆದುಕೊಳ್ಳುವವನ ಪೆನ್ನನ್ನು ನೋಡುತ್ತಿದ್ದರು. ಅದು ನಿಂತಿತ್ತು.

ಎದ್ದೆ. ನನ್ನ ಹೆಸರು ಹೇಳಿದೆ, ಹುದ್ದೆ ಹೇಳಿದೆ, ಆ ಸಾಲು ತುಂಬಿದ ತಾರೀಖು ಹೇಳಿದೆ. ತಂತ್ರಜ್ಞರು ಎಚ್ಚರಿಸಿದ್ದರೂ ಕೇಳಲಿಲ್ಲ ಎಂದೂ ಹೇಳಿದೆ. ನಾನೂರ ಹನ್ನೆರಡೂ ಸಭೆಗಳು ಅವರವರ ಊರಿನಲ್ಲೇ ನಡೆಯಬಹುದಾಗಿತ್ತು ಎಂದೆ. ಪೆನ್ನು ಓಡಿತು.

ಗಂಟೆ ಹೊಡೆಯಿತು. ಮೂರು ನಿಮಿಷ ಮುಗಿದಿತ್ತು.

ರುದ್ರಭೂಮಿಯ ಮಾತು ಅವರ ಬಾಯಿಂದ ಬಂದಿರಲಿಲ್ಲ. ಎರಡನೆಯ ಸಲ ಮಾತಾಡಲು ನಿಯಮದಲ್ಲಿ ಅವಕಾಶವಿಲ್ಲ. ಅಧಿಕಾರಿಗೂ ಕೆಡುಕೆನಿಸಿರಬೇಕು, ತಲೆ ತಗ್ಗಿಸಿ ಮುಂದಿನ ಹೆಸರು ಕರೆದರು. ಅತ್ತೆ ಬಂದು ನೆರಳಿನಲ್ಲಿ ಖಾಲಿಯಿದ್ದ ಒಂದೇ ಜಾಗದಲ್ಲಿ, ನನ್ನ ಮೇಜಿನ ಪಕ್ಕ ಕೂತರು.

"ಅತ್ತೆ, ಮಾವನ ವಿಷಯ ಉಳಿದೇಹೋಯ್ತಲ್ಲ," ಎಂದೆ.

"ಅವಂದು ಮೂರು ನಿಮಿಷ ನಿಂಗ ಹೋದ್ವು." ಅವರು ಮುಖ ಈ ಕಡೆ ತಿರುಗಿಸಲಿಲ್ಲ. "ಆ ನಾನೂರ ಹನ್ನೆರಡೂ ಊರಿನ ಮಂದಿಗಿ ಕುಂಡ್ರಿಸಿ ಮಾತಾಡ್ಸು. ಆಮ್ಯಾಲ ನನ್ನ ಸಂಗಟ ಮಾತಾಡು. ಅಲ್ಲೀತನಾ ನಂಗ ಅತ್ತಿ ಅನ್ನಬ್ಯಾಡ."

ಸಭೆ ಒಂಬತ್ತೂ ಇಪ್ಪತ್ತಕ್ಕೆ ಇಪ್ಪತ್ತೊಂಬತ್ತರಲ್ಲಿ ಮುಗಿಯಿತು. ಹಾಸಗಲ್ಲಿನ ಪ್ರಕರಣ ಇನ್ನೂ ಕೋರ್ಟಿನಲ್ಲಿದೆ, ಊರು ಸದ್ಯಕ್ಕೆ ಊರಾಗಿಯೇ ಇದೆ. ನನ್ನ ಹುದ್ದೆ ಹೋಯಿತು. ಕೋರ್ಟು ಹಳೆಯ ಸಭೆಗಳನ್ನೆಲ್ಲ ಮತ್ತೆ ನಡೆಸಲು ಹೇಳಿ, ಮೂರು ಥರ್ಮಾಮೀಟರ್ ಹೊತ್ತು ಊರೂರು ತಿರುಗುವ ಕೆಲಸಕ್ಕೆ ನನ್ನನ್ನೇ ಹಾಕಿತು. ಜನ ಬೈಯುತ್ತಾರೆ, ಕೆಲವು ಕಡೆ ನೀರೂ ಕೊಡುವುದಿಲ್ಲ. ಊರು ಉಳಿದಿಲ್ಲದ ಕಡೆ ಗುಂಡಿಯ ಅಂಚಿನಲ್ಲೇ ಬೆಳಿಗ್ಗೆ ಏಳಕ್ಕೆ ಜನರನ್ನು ಕೂರಿಸುತ್ತೇನೆ. ಕಾಲೊನಿಗಳಿಂದ ನಡೆದು ಬರುತ್ತಾರೆ, ಮೂರು ನಿಮಿಷ ಮಾತಾಡಿ ಹೋಗುತ್ತಾರೆ.

ನಾಲ್ಕು ವರ್ಷದಲ್ಲಿ ನೂರಾ ಆರು ಊರು ಮುಗಿದಿವೆ. ಮುನ್ನೂರ ಆರು ಉಳಿದಿವೆ. ಗುರುಬಾಯಿಯವರಿಗೆ ಈಗ ಎಪ್ಪತ್ತೈದು.